ಸಾಮಾನ್ಯ ಅಪವರ್ತನ

ಎರಡು ಅಥವಾ ಹೆಚ್ಚು ಸ್ವಾಭಾವಿಕ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯನ್ನು ಅವುಗಳ ಸಾಮಾನ್ಯ ಅಪವರ್ತನ ಎನ್ನುತ್ತಾರೆ. ಇಂಥವುಗಳಲ್ಲಿ ಅತಿ ದೊಡ್ಡದು ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.). ಮ.ಸಾ.ಅ. 1 ಆಗಿರುವ ಎರಡು ಸಂಖ್ಯೆಗಳು ಸಹ-ಅವಿಭಾಜ್ಯಗಳು. ಉದಾಹರಣೆಗೆ 8 ಮತ್ತು 15.

ಅವಿಭಾಜ್ಯ ಅಪವರ್ತನ ವಿಧಾನ

84 = 2² × 3 × 7
120 = 2³ × 3 × 5

ಎರಡರಲ್ಲೂ ಇರುವ ಅವಿಭಾಜ್ಯ ಸಂಖ್ಯೆಗಳನ್ನು ಅವುಗಳ ಕನಿಷ್ಠ ಘಾತದೊಡನೆ ಗುಣಿಸಿದರೆ ಮ.ಸಾ.ಅ. ದೊರೆಯುತ್ತದೆ: 2² × 3 = 12. ಈ 12ರ ಅಪವರ್ತನಗಳಾದ 1, 2, 3, 4, 6 ಮತ್ತು 12 ಇವೇ 84 ಹಾಗೂ 120ರ ಎಲ್ಲ ಸಾಮಾನ್ಯ ಅಪವರ್ತನಗಳು. ಆದ್ದರಿಂದ ಮ.ಸಾ.ಅ. ತಿಳಿದರೆ ಉಳಿದವನ್ನು ಬೇರೆಯಾಗಿ ಹುಡುಕಬೇಕಾಗಿಲ್ಲ.

ಯೂಕ್ಲಿಡನ ವಿಧಾನ

ದೊಡ್ಡ ಸಂಖ್ಯೆಗಳನ್ನು ಅವಿಭಾಜ್ಯಗಳಾಗಿ ಒಡೆಯುವುದು ಶ್ರಮದ ಕೆಲಸ. ಇದಕ್ಕೆ ಪರಿಹಾರವಾಗುವ ಕ್ರಮವೊಂದನ್ನು ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ 7ನೆಯ ಭಾಗದಲ್ಲಿ ವಿವರಿಸಿದ್ದಾನೆ. ಎರಡು ಸಂಖ್ಯೆಗಳನ್ನು ಭಾಗಿಸುವ ಸಂಖ್ಯೆಯು ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತದೆ. ಹೀಗಾಗಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನೂ ಅದು ಭಾಗಿಸುತ್ತದೆ. ಪ್ರತಿ ಹಂತದಲ್ಲಿ ಭಾಜಕವನ್ನು ಶೇಷದಿಂದ ಭಾಗಿಸುತ್ತ ಹೋಗಬೇಕು.

2491 = 2173 × 1 + 318
2173 = 318 × 6 + 265
318 = 265 × 1 + 53
265 = 53 × 5 + 0

ಶೇಷ ಸೊನ್ನೆಯಾದಾಗಿನ ಭಾಜಕ 53 ಮ.ಸಾ.ಅ. ಆಗಿದೆ. ಇದರಿಂದ 2173/2491 ಎಂಬ ಭಿನ್ನರಾಶಿಯನ್ನು 41/47 ಎಂದು ಸಂಕ್ಷೇಪಿಸಬಹುದು.

ಭಾರತೀಯ ಗಣಿತದಲ್ಲಿ

ಆರ್ಯಭಟನ 'ಆರ್ಯಭಟೀಯ'ದಲ್ಲಿ (ಕ್ರಿ.ಶ. 499) ಬರುವ ಕುಟ್ಟಕ ವಿಧಾನವೂ ಇದೇ ಬಗೆಯ ಅನುಕ್ರಮ ಭಾಗಾಕಾರವನ್ನು ಆಧರಿಸಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಕುಟ್ಟಕದ ಲೆಕ್ಕಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ.