ನೂರೈವತ್ತು ಜನರನ್ನು ಹೊತ್ತ ಹಡಗು ಅಫ್ಜಲ್‌ಗಂಜಿನಲ್ಲಿದೆ

ಮೂವತ್ಮೂರು ನಿಮಿಷ. ಅಷ್ಟೇ! ಅಷ್ಟರೊಳಗೆ ಶತ್ರು ಮತ್ತೆ ಬಂದು ಮೇಲೆ ಬೀಳುತ್ತಾನೆ, ಅಷ್ಟರೊಳಗೆ ಪ್ರತಿ ಹಡಗೂ ಬೆಳಕಿಗಿಂತ ವೇಗವಾಗಿ ಜಿಗಿದು ಆಕಾಶದ ಇನ್ನೊಂದು ಮೂಲೆ ಸೇರಬೇಕು. ಸೇರಿದ ಮೂವತ್ಮೂರು ನಿಮಿಷಕ್ಕೆ ಮತ್ತೆ ಶತ್ರು, ಮತ್ತೆ ಜಿಗಿತ. ಐದು ದಿನದಿಂದ ಯಾರೂ ಮಲಗಿಲ್ಲ. ಗಡ್ಡ ಬೆಳೆದಿದೆ, ಕಣ್ಣು ಕೆಂಪಾಗಿದೆ, ಮಾತಿಗೆ ಮಾತು ಕೂಡುತ್ತಿಲ್ಲ. ಈ ಗದ್ದಲದ ನಡುವೆ ಒಬ್ಬ ಹೆಂಗಸು ಗೋಡೆಯ ಬಿಳಿ ಹಲಗೆಯ ಮುಂದೆ ನಿಂತು ಒಂದು ಸಂಖ್ಯೆ ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. ಮನುಕುಲದಲ್ಲಿ ಇನ್ನು ಉಳಿದವರೆಷ್ಟು ಎಂಬ ಲೆಕ್ಕ ಅದು. ಆ ಕಂತು ಶುರುವಾಗುವಾಗ ಪರದೆಯ ಮೇಲೆ ಮೂಡುವ ಅಂಕಿ 50,298.

ಹೈದರಾಬಾದಿನ ಕಾಚಿಗುಡದ ನಮ್ಮ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ನೋಡಲು ಕೂತವಳು ಬೆಳಗಿನ ಹಾಲಿನವನು ಬರುವ ತನಕ ಏಳಲಿಲ್ಲ. 1978ರಲ್ಲಿ ಗ್ಲೆನ್ ಲಾರ್ಸನ್ ಮಾಡಿದ್ದ ಹಳೆಯ ಧಾರಾವಾಹಿಯೊಂದನ್ನು ರೊನಾಲ್ಡ್ ಮೂರ್ 2003ರಲ್ಲಿ ಹೊಸದಾಗಿ ಕಟ್ಟಿದ ಕಥೆ ಇದು. ಮನುಷ್ಯರೇ ಮಾಡಿದ ಯಂತ್ರಗಳು ತಿರುಗಿ ಬಿದ್ದು ಹನ್ನೆರಡು ಲೋಕಗಳನ್ನು ಸುಟ್ಟು ಹಾಕುತ್ತವೆ. ಅಧ್ಯಕ್ಷರಿಂದ ಹಿಡಿದು ಸಾಲಿನಲ್ಲಿದ್ದ ನಲವತ್ತೆರಡು ಮಂದಿಯೂ ಇಲ್ಲವಾಗಿ, ಅಧಿಕಾರ ನಲವತ್ಮೂರನೆಯವಳ ಕೈಗೆ ಬರುತ್ತದೆ. ಅವಳೇ ಹಲಗೆಯ ಮುಂದಿನ ಹೆಂಗಸು ಲಾರಾ ರೋಸ್ಲಿನ್. ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದು ಶಿಕ್ಷಣ ಮಂತ್ರಿಯಾದವಳು. ಅದೇ ದಿನ ಅವಳಿಗೆ ತನ್ನ ಮೈಯಲ್ಲಿ ಕ್ಯಾನ್ಸರ್ ಇದೆಯೆಂದೂ ತಿಳಿದಿರುತ್ತದೆ.

ಯುದ್ಧಕ್ಕಿಂತ ಓಟವೇ ಲೇಸು, ಉಳಿದವರು ಉಳಿಯಬೇಕು ಎಂದು ಸೇನಾಪತಿ ಅಡಾಮನಿಗೆ ಮೊದಲು ಹೇಳುವವಳು ಅವಳು. ಆದರೆ ಜಿಗಿಯುವ ಎಂಜಿನ್ ಇಲ್ಲದ ಹಡಗುಗಳೂ ಅಲ್ಲಿವೆ. ಅಂಥ ಒಂದರಲ್ಲಿ ಗಾಜಿನ ಗುಮ್ಮಟದ ಕೆಳಗೆ ತೋಟ, ತೋಟದಲ್ಲೊಂದು ಪುಟ್ಟ ಹುಡುಗಿ. ರೋಸ್ಲಿನ್ ಅವಳ ಹತ್ತಿರ ಕೂತು ಅಪ್ಪ ಅಮ್ಮನ ವಿಷಯ, ರಾತ್ರಿಯ ಊಟದ ವಿಷಯ ಮಾತಾಡಿರುತ್ತಾಳೆ. ಆಮೇಲೆ ಆ ಹಡಗುಗಳನ್ನು ಬಿಟ್ಟು ಹೋಗಲು ಅಪ್ಪಣೆ ಕೊಡುವವಳೂ ಅವಳೇ.

ನಮ್ಮವ್ವ ಬೀದರ್ ಕಡೆಯವಳು, ಇಂಗ್ಲಿಷ್ ಬಾರದು. ನೀರು ಕುಡಿಯಲು ಎದ್ದು ಬಂದವಳು ನನ್ನ ಪಕ್ಕ ಕೂತಳು, ತೋಟದ ಹುಡುಗಿಯನ್ನು ಕಂಡಳು, ಹಡಗುಗಳು ಒಂದೊಂದಾಗಿ ಮಾಯವಾದದ್ದನ್ನೂ ಕಂಡಳು.

“ಅಲ್ಲವಾ, ಆ ಕೂಸು ಎಲ್ಲಿ ಹೋಯ್ತು? ತಿರುಗಿ ತೋರಿಸ್ಲೇ ಇಲ್ಲಲ್ಲ?”

ಹೇಳಿದೆ. ಅವ್ವ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, “ತುಗಿಯಾನಿ ಬಂದಾಗ ಇಲ್ಲೇ ಹಿಂಗೇ ಆಗಿತ್ತಂತ. ದವಾಖಾನಿ ಹುಣಸಿ ಗಿಡ ನೋಡೀಯೇನು?” ಅಂದಳು.

ನೋಡಿರಲಿಲ್ಲ! ಇಷ್ಟು ವರ್ಷ ಇದೇ ಊರಿನಲ್ಲಿದ್ದು, ಎಷ್ಟೋ ಸಲ ಆ ಆಸ್ಪತ್ರೆಯ ಮುಂದೆ ಹಾದು, ನೋಡಿರಲಿಲ್ಲ. ಆ ರಾತ್ರಿಯಿಂದ ಒಂದು ತಿಂಗಳು ನನಗೆ ಬೇರೆ ಧ್ಯಾನವೇ ಇರಲಿಲ್ಲ. ಓದುತ್ತ ಹೋದ ಹಾಗೆ ಮೈ ಜುಮ್ಮೆಂದಿತು. ಯಾರನ್ನು ಬಿಡಬೇಕು, ಯಾರನ್ನು ಎತ್ತಿಕೊಳ್ಳಬೇಕು, ಉಳಿದವರಿಗೆ ಏನು ಕಟ್ಟಿಕೊಡಬೇಕು ಎಂದು ಆ ಧಾರಾವಾಹಿ ಆರು ವರ್ಷ ಕೇಳಿದ ಪ್ರಶ್ನೆಗಳೆಲ್ಲ ನಮ್ಮ ಮನೆಯಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಒಂದು ನದಿಯ ದಂಡೆಯಲ್ಲಿ, ನೂರು ವರ್ಷಕ್ಕೂ ಹಿಂದೆ ನಿಜವಾಗಿಯೇ ಎದ್ದು ನಿಂತಿದ್ದವು!

1908ರ ಸೆಪ್ಟೆಂಬರ್ 28. ಶಂಷಾಬಾದಿನ ಮಳೆಮಾಪಕದಲ್ಲಿ ಒಂದೇ ದಿನದಲ್ಲಿ 12.8 ಇಂಚು, ಎರಡು ದಿನದಲ್ಲಿ 18.9 ಇಂಚು ಮಳೆ ದಾಖಲಾಗಿತ್ತು. ಮೂಸಿ ನದಿಯ ಜಲಾನಯನದಲ್ಲಿ ಆಗ ಇದ್ದ ಕೆರೆಗಳು 788. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ! ಅದರಲ್ಲಿ 221 ಕೆರೆಗಳ ಕಟ್ಟೆ ಒಡೆಯಿತು. ಮೇಲಿನ ಕೆರೆಯ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆದು, ಅದರ ನೀರನ್ನೂ ಕೂಡಿಸಿಕೊಂಡು ಮುಂದಿನದಕ್ಕೆ. ಕಾಪಾಡಲು ಕಟ್ಟಿದ ಕಟ್ಟೆಗಳೇ ಕೊಲ್ಲಲು ಬಂದವು. ಊರಿನ ನಡುವೆ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ನೀರು ಹರಿಯಿತು. ಅಫ್ಜಲ್ ಸೇತುವೆ, ಮುಸ್ಲಿಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಮೂರೂ ಹೋದವು. ಕುತುಬ್ ಶಾಹಿಗಳ ಕಾಲದ ಪುರಾನಾ ಪುಲ್ ಒಂದೇ ನಿಂತಿತು. ಸತ್ತವರು ಹದಿನೈದು ಸಾವಿರ ಎನ್ನುತ್ತಾರೆ. ರುಬಾಯಿಗಳಿಗೆ ಹೆಸರಾದ ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಆ ನೀರಿಗೆ ಕೊಟ್ಟು ತಾನೊಬ್ಬ ಬದುಕಿ ಉಳಿದರು. ಹೈದರಾಬಾದಿನ ಹಳಬರು ಅದನ್ನು ಪ್ರವಾಹ ಅನ್ನುವುದಿಲ್ಲ, ತುಗಿಯಾನಿ ಅನ್ನುತ್ತಾರೆ. ಆ ಪದದಲ್ಲಿ ಮಿತಿ ಮೀರಿ ಉಕ್ಕುವುದು ಎಂಬ ಅರ್ಥವಿದೆ.

ಅದೇ ನೀರಿನ ನಡುವೆ, ಅಫ್ಜಲ್‌ಗಂಜಿನ ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹುಣಸೆಮರ ಬೇರೂರಿ ನಿಂತಿತ್ತು. ಆ ಮರದ ಕೊಂಬೆಗಳಿಗೆ ಅಂಟಿಕೊಂಡು ನೂರೈವತ್ತು ಜನ ಬದುಕಿದರು.

ನೂರೈವತ್ತು! ಒಂದು ಮರದಲ್ಲಿ! ಆ ಅಂಕಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಎಣಿಸಿದವರು ಯಾರಿರಬಹುದು? ಮೊದಲು ಹತ್ತಿದವರು ಯಾರು? ತುದಿ ಮುಟ್ಟಿ ಕೂತವರು ಕೆಳಗೆ ಕೈ ಚಾಚಿದವರನ್ನು ಕಂಡು ಏನು ಮಾಡಿದರು? ಇನ್ನೊಬ್ಬರು ಹತ್ತಿದರೆ ಕೊಂಬೆ ಮುರಿದೀತು ಎಂಬ ಭಯ ಯಾರ ಗಂಟಲಿನಲ್ಲೂ ಇರಲಿಲ್ಲವೇ? ಇತ್ತು, ಇರಲೇಬೇಕು. ಆದರೂ ಐವತ್ತಕ್ಕೆ ನಿಲ್ಲಲಿಲ್ಲ, ನೂರಕ್ಕೆ ನಿಲ್ಲಲಿಲ್ಲ. ಹತ್ತಿದವರು ಜರುಗಿ ಜರುಗಿ ಜಾಗ ಮಾಡದಿದ್ದರೆ ಆ ಸಂಖ್ಯೆ ನೂರೈವತ್ತು ಆಗುವುದು ಹೇಗೆ? ಆ ಮರದ ಮೇಲೆ ಅಧ್ಯಕ್ಷರಿರಲಿಲ್ಲ, ಸೇನಾಪತಿ ಇರಲಿಲ್ಲ.

ಇಲ್ಲಿ ಧಾರಾವಾಹಿಯ ಇನ್ನೊಬ್ಬಳನ್ನು ನೆನೆಯಲೇಬೇಕು. ಪೆಗಾಸಸ್ ಎಂಬ ಯುದ್ಧನೌಕೆಯ ಅಡ್ಮಿರಲ್ ಹೆಲೆನಾ ಕೇನ್. ಅವಳಿಗೂ ದಾರಿಯಲ್ಲಿ ಸಾಮಾನ್ಯ ಜನರ ಹಡಗುಗಳು ಸಿಗುತ್ತವೆ. ಅವುಗಳ ಎಂಜಿನ್ ಬಿಚ್ಚಿಕೊಂಡು, ಕೆಲಸಕ್ಕೆ ಬರುವ ಕುಶಲಿಗಳನ್ನು ಮಾತ್ರ ಆರಿಸಿಕೊಂಡು, ಒಪ್ಪದವರ ಮನೆಯವರನ್ನು ಗುಂಡಿಟ್ಟು ಕೊಲ್ಲಿಸಿ, ಉಳಿದವರನ್ನು ಕತ್ತಲಿಗೆ ಬಿಟ್ಟು ಹೋಗುತ್ತಾಳೆ. ಯುದ್ಧದ ಲೆಕ್ಕದಲ್ಲಿ ಅವಳ ಹಡಗು ಗ್ಯಾಲಕ್ಟಿಕಾಕ್ಕಿಂತ ಬಲವಾದದ್ದು. ಆದರೆ ಅವಳ ಹಡಗಿನಲ್ಲಿ ಉಳಿದ ಪ್ರಾಣಗಳನ್ನು ಬರೆದಿಡುವ ಹಲಗೆ ಇಲ್ಲ. ರೋಸ್ಲಿನ್ ಕೂಡ ಬಿಟ್ಟು ಹೋದಳು, ಆ ಮೂವತ್ಮೂರು ನಿಮಿಷದ ಕಂತಿನಲ್ಲಿ 1,345 ಪ್ರಯಾಣಿಕರ ಹಡಗೊಂದನ್ನು ಹೊಡೆದುರುಳಿಸಲು ಒಪ್ಪಿಗೆಯನ್ನೂ ಕೊಟ್ಟಳು. ಅದಕ್ಕೆ ಅವಳನ್ನು ಸುಲಭವಾಗಿ ಕ್ಷಮಿಸಲು ನನಗೆ ಮನಸ್ಸಾಗದು, ಆದರೆ ಕಳೆದ ಪ್ರತಿಯೊಂದನ್ನೂ ಅವಳು ತನ್ನ ಕೈಯಾರೆ ಹಲಗೆಯಲ್ಲಿ ಕಳೆದಳು. ಕಂತಿನ ಕೊನೆಗೆ ಎಲ್ಲೋ ಒಂದು ಹಡಗಿನಲ್ಲಿ ಮಗು ಹುಟ್ಟಿತೆಂದು ಸುದ್ದಿ ಬಂದಾಗ ಅದೇ ಕೈಯಿಂದ ಒಂದನ್ನು ಕೂಡಿಸಿದಳು. ಆ ನಗು ಇನ್ನೂ ನನ್ನ ಕಣ್ಣಲ್ಲಿದೆ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಈ ಧಾರಾವಾಹಿಯವರನ್ನು ಕರೆದು ಮಾನವ ಹಕ್ಕುಗಳ ಚರ್ಚೆಗೆ ಕೂರಿಸಿದರೆಂದು ಓದಿದಾಗ ನನಗೆ ಅಚ್ಚರಿಯಾಗಲಿಲ್ಲ.

ಇತ್ತ ಹೈದರಾಬಾದಿನಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅರಮನೆಯ ಬಾಗಿಲು ತೆರೆಸಿದ, ನೆಲೆ ಕಳೆದುಕೊಂಡವರಿಗೆ ಅನ್ನ ನೆರಳು ಕೊಡಿಸಿದ. ಅವನು ಸೀರೆ, ಚಿನ್ನ, ಮುತ್ತು ಹಿಡಿದು ಮೂಸಿಯ ದಂಡೆಗೆ ಹೋಗಿ ನದಿಗೆ ಬಾಗಿನ ಕೊಟ್ಟು ಬೇಡಿಕೊಂಡನೆಂಬ ಕಥೆಯನ್ನು ಹಳೆಯ ಊರಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಇಂದಿಗೂ ಹೇಳುತ್ತಾರೆ. ಕಥೆ ಇರಲಿ. ಮುಂದೆ ಅವನು ಮಾಡಿದ ಕೆಲಸವೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು. ತುಗಿಯಾನಿ ಮತ್ತೆ ಬಾರದಿರಲು ಏನು ಮಾಡಬೇಕೆಂದು ಕೇಳಲು ಅವನ ಸರ್ಕಾರ ಒಬ್ಬ ಕನ್ನಡಿಗನನ್ನು ಹುಡುಕಿತು!

ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಮುಂಬೈ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಸುತ್ತುತ್ತಿದ್ದವರಿಗೆ ಇಟಲಿಯಲ್ಲಿ ತಂತಿ ಸಿಕ್ಕಿತು. 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು. ಮಳೆಯ ದಾಖಲೆ ಕೂಡಿಸಿದರು, ಒಡೆದ ಕೆರೆಗಳ ಲೆಕ್ಕ ಹಾಕಿದರು. ಮೇಲೆ ಬರೆದ 788, 221, 4,25,000 ಎಂಬ ಅಂಕಿಗಳು ಅವರು ಬರೆದಿಟ್ಟು ಹೋದವು. ಅದೂ ಒಂದು ಬಿಳಿ ಹಲಗೆಯೇ ಅಲ್ಲವೇ! ಅಕ್ಟೋಬರ್ ಒಂದಕ್ಕೆ ವರದಿ ಸಿದ್ಧವಾಯಿತು. ಊರೊಳಗೆ ದಂಡೆ ಎತ್ತರಿಸಿದರಷ್ಟೇ ಸಾಲದು, ನೀರನ್ನು ಊರಿಗೆ ಬರುವ ಮೊದಲೇ ಮೇಲ್ಗಡೆ ಹಿಡಿದು ನಿಲ್ಲಿಸಿ, ನದಿ ತಾಳುವಷ್ಟೇ ಬಿಡಬೇಕು, ಅದಕ್ಕೆ ಎರಡು ದೊಡ್ಡ ಜಲಾಶಯ ಬೇಕು ಎಂದರು. ಮೂಸಿಗೆ ಉಸ್ಮಾನ್ ಸಾಗರ, ಈಸಿ ನದಿಗೆ ಹಿಮಾಯತ್ ಸಾಗರ. ಕೊಂದ ನೀರೇ ಕುಡಿಯುವ ನೀರಾಯಿತು. ಎಷ್ಟೋ ದಶಕ ಈ ಊರು ಕುಡಿದದ್ದು ಅವೆರಡರ ನೀರನ್ನು. ನಮ್ಮವ್ವ ಈಗಲೂ ಸಿಹಿ ನೀರು ಕುಡಿದರೆ “ಗಂಡಿಪೇಟ್ ನೀರ್ ಇದ್ದಂಗ ಅದ” ಅನ್ನುತ್ತಾಳೆ. ಗಂಡಿಪೇಟ್ ಅಂದರೆ ಉಸ್ಮಾನ್ ಸಾಗರ.

ಇದನ್ನೆಲ್ಲ ಬೇಡಿಕೊಂಡ ನಿಜಾಮ 1911ರಲ್ಲೇ ತೀರಿಕೊಂಡ. ವಿಶ್ವೇಶ್ವರಯ್ಯನವರು ವರದಿ ಕೊಟ್ಟ ಒಂದೂವರೆ ತಿಂಗಳಿಗೆ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೊರಟರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ರೋಸ್ಲಿನ್ ಕೂಡ ಜನರನ್ನು ಹಸಿರು ನೆಲಕ್ಕೆ ಮುಟ್ಟಿಸುತ್ತಾಳೆ, ಆ ನೆಲದ ಜಿಂಕೆಗಳನ್ನು ಹಕ್ಕಿಗಳನ್ನು ಮೇಲಿನಿಂದ ನೋಡುತ್ತ ನೋಡುತ್ತ ಪ್ರಾಣ ಬಿಡುತ್ತಾಳೆ.

ಕಥೆ ಹಳೆಯದಾಗಿಲ್ಲ. ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್, 84 ಹಳ್ಳಿಗಳಲ್ಲಿ ಕಟ್ಟಡ ಕಾರ್ಖಾನೆಗಳಿಗೆ ಕಡಿವಾಣ ಹಾಕಿ 1996ರಲ್ಲಿ ಸರ್ಕಾರ ಹೊರಡಿಸಿದ ಆದೇಶಕ್ಕೆ ಇಲ್ಲಿ ಎಲ್ಲರೂ ‘ನೂರಾ ಹನ್ನೊಂದು ಜೀಓ’ ಅನ್ನುತ್ತಾರೆ. 2022ರಲ್ಲಿ ಅದನ್ನು ಸಡಿಲಿಸಲು ಇನ್ನೊಂದು ಆದೇಶ ಬಂತು. ಆ ಸುದ್ದಿ ಓದಿದಾಗ ನನಗೆ ಕೇನ್ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಪಾಡುವ ಎಂಜಿನ್ನನ್ನೇ ಬಿಚ್ಚಿದರೆ ಕೆಳಗಿನ ಹಡಗಿನವರು ಏನಾಗಬೇಕು? 2025ರ ಸೆಪ್ಟೆಂಬರ್ ಕೊನೆಯಲ್ಲಿ, ತುಗಿಯಾನಿಯ ದಿನಕ್ಕೆ ಇನ್ನೇನು ಒಂದೆರಡು ದಿನವಿದ್ದಾಗ, ಎರಡೂ ಜಲಾಶಯಗಳ ಗೇಟು ಎತ್ತಬೇಕಾಗಿ ಬಂದು ಮೂಸಿ ದೊಡ್ಡ ಬಸ್ ನಿಲ್ದಾಣಕ್ಕೇ ನುಗ್ಗಿತು. ಪ್ರಯಾಣಿಕರನ್ನು ಹಗ್ಗ ಹಿಡಿಸಿ ದಾಟಿಸಿದರು. ಆ ನಿಲ್ದಾಣವಿರುವ ಜಾಗದ ಹೆಸರು ಇಮ್ಲಿಬನ್. ಇಮ್ಲಿಬನ್ ಅಂದರೆ ಹುಣಸೆಯ ತೋಪು!

ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಮರ ನೋಡಲು ಹೋದೆ. ಎಷ್ಟು ಸಾದಾ ಮರ! ಬೊಡ್ಡೆ ಗಂಟು ಗಂಟಾಗಿ, ಮುದುಕಿಯ ಮೊಣಕಾಲಿನ ಹಾಗೆ ಉಬ್ಬಿದೆ. ತೊಗಟೆಯ ಬಿರುಕಿನಲ್ಲಿ ಇರುವೆಯ ಸಾಲು. ಸಣ್ಣ ಸಣ್ಣ ಎಲೆ ಉದುರಿ ನೆಲ ಹಳದಿಯಾಗಿತ್ತು. ಅವ್ವ ತೊಗಟೆಯ ಮೇಲೆ ಅಂಗೈ ಇಟ್ಟು, ತಲೆ ಎತ್ತಿ, ಒಂದೊಂದೇ ಕೊಂಬೆ ನೋಡಿದಳು. ತುಟಿ ಅಲುಗುತ್ತಿತ್ತು. ಮೊದಲು ಏನೋ ಬೇಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಎಣಿಸುತ್ತಿದ್ದಳು.

“ಈ ಕೊಂಬಿಗೆ ಹತ್ತು ಮಂದಿ ಅಂದ್ರೂ... ಕೂಸುಗೋಳಿಗೆ ಬಗಲಾಗ ಹಿಡಕೊಂಡಿರ್ತಾರ, ಅವು ಬ್ಯಾರೆ.”

ನೆರಳಿನಲ್ಲಿ ಚಾಪೆ ಹಾಸಿಕೊಂಡು ಒಂದು ಕುಟುಂಬ ಕೂತಿತ್ತು. ಒಳಗೆ ವಾರ್ಡಿನಲ್ಲಿ ಯಾರೋ ಇದ್ದಿರಬೇಕು. ಟಿಫಿನ್ ಡಬ್ಬಿ, ನೀರಿನ ಬಾಟಲಿ, ಎಕ್ಸ್‌ರೇಯ ದೊಡ್ಡ ಲಕೋಟೆ. ಅವ್ವ ನಿಂತು ನಿಂತು ಸೊಂಟ ಹಿಡಿದುಕೊಂಡದ್ದನ್ನು ಅವರಲ್ಲೊಬ್ಬ ಹೆಂಗಸು ಕಂಡಳು. ಡಬ್ಬಿಯನ್ನು ಮಡಿಲಿಗೆ ಎತ್ತಿಕೊಂಡಳು, ಮಗನ ತೋಳು ತಟ್ಟಿ ಆಚೆ ಸರಿಸಿದಳು, ತಾನೂ ಜರುಗಿ ಚಾಪೆಯ ಅಂಚಿಗೆ ಹೋದಳು.

“ಬೈಠೋ ಅಮ್ಮಾ,” ಅಂದಳು.

ಅವ್ವ ಕೂತಳು. ನನಗೂ ಜಾಗ ಆಯಿತು.