ಬೇಂದ್ರೆಯವರಿಗೆ ಎರಡು ಡ್ರಾಯರು

ಗೇಟಿನ ರಿಜಿಸ್ಟರಿನಲ್ಲಿ ಹೆಸರು ಬರೆದು, ಚೀಲ ಖಾನೆಯಲ್ಲಿಟ್ಟು ಟೋಕನ್ ಪಡೆದ ಮೇಲೆ ಎಡಗಡೆ ಎರಡು ಕಂಪ್ಯೂಟರು. ಒಂದರ ನೆತ್ತಿಯ ಮೇಲೆ 'ಓಪ್ಯಾಕ್' (ಓದುಗರು ಹುಡುಕುವ ಕಂಪ್ಯೂಟರ್ ಕ್ಯಾಟಲಾಗು) ಎಂಬ ಚೀಟಿ, ಇನ್ನೊಂದರ ಮೇಲೆ 'ಕೆಟ್ಟಿದೆ' ಎಂಬ ಚೀಟಿ. ಧಾರವಾಡ ಸೀಮೆಯ ಹಳೆಯ ಕಾಲೇಜೊಂದರ ಲೈಬ್ರರಿ ಇದು. ಕಾಲೇಜಿನ ಹೆಸರು ಹಾಕಬೇಡಿ ಎಂದು ಮೊದಲೇ ಕೇಳಿಕೊಂಡಿದ್ದರು. ಕ್ಯಾಟಲಾಗನ್ನು ಕಾರ್ಡಿನಿಂದ ಕಂಪ್ಯೂಟರಿಗೆ ಬದಲಿಸುವ ಕೆಲಸ ಅರ್ಧಕ್ಕೆ ನಿಂತಿದೆ. ಅದು ಅಚ್ಚಾಗಿ ಬಂದರೆ ಆಡಳಿತ ಮಂಡಳಿಗೆ ಉತ್ತರ ಕೊಡುವವರು ಯಾರು ಎಂಬ ಅಳುಕು. ನಾನು ನೋಡಲು ಹೋದದ್ದು ಆ ಅರ್ಧವನ್ನೇ.

ನೆಟ್ಟಗಿರುವ ಕಂಪ್ಯೂಟರಿನಲ್ಲಿ 'ಅಂಬಿಕಾತನಯದತ್ತ' ಎಂದು ಟೈಪಿಸಿದೆ. ನಾಲ್ಕಾರು ಕವನಸಂಕಲನಗಳು ಬಂದವು, ಅಷ್ಟೇ. ಅಳಿಸಿ 'ಬೇಂದ್ರೆ' ಎಂದು ಹಾಕಿದರೆ ಪುಟಗಟ್ಟಲೆ: ನಾಟಕ, ವಿಮರ್ಶೆ, ಅವರ ಬಗ್ಗೆ ಬೇರೆಯವರು ಬರೆದದ್ದು, ಜೊತೆಗೆ ಇನ್ನಷ್ಟು ಕವನಸಂಕಲನಗಳು. ಇಲ್ಲಿ ಬಂದವು ಅಲ್ಲಿಲ್ಲ, ಅಲ್ಲಿ ಬಂದವು ಇಲ್ಲಿಲ್ಲ. ಅಂಬಿಕಾತನಯದತ್ತ ಎಂಬುದು ಕವಿ ಬೇಂದ್ರೆಯವರ ಕಾವ್ಯನಾಮ, ಇಬ್ಬರೂ ಒಬ್ಬರೇ ಎಂಬುದು ಧಾರವಾಡದಲ್ಲಿ ಹೈಸ್ಕೂಲು ಹುಡುಗರಿಗೂ ಗೊತ್ತು. ಈ ಕಂಪ್ಯೂಟರಿಗೆ ಯಾರೂ ಹೇಳಿಲ್ಲ.

"ಅದರಾಗ ಹುಡುಕಿದ್ರ ಅಷ್ಟ ಸಿಗತಾವ್ರಿ" ಎಂದರು ಹಿಂದೆ ನಿಂತಿದ್ದ ಅಟೆಂಡರು. "ಬರ್ರಿ, ಡಬ್ಬಿ ತೋರಸ್ತೀನಿ."

ಡಬ್ಬಿ ಎಂದರೆ ಕಾರ್ಡು ಕ್ಯಾಬಿನೆಟ್ಟು. ಒಂದು ಕಾಲಕ್ಕೆ ಹಾಲಿನ ನಡುವೆ ಇದ್ದದ್ದನ್ನು ಈಗ ಮೆಟ್ಟಿಲ ಕೆಳಗೆ ಸರಿಸಿದ್ದಾರೆ. ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟು, ಒಂದು ಮುರಿದ ಫ್ಯಾನು. ತೇಗದ ಮರ, ಹಿತ್ತಾಳೆಯ ಹಿಡಿ, ಹಿಡಿಯ ಮೇಲಿನ ಚೌಕಟ್ಟಿನಲ್ಲಿ ಕೈಬರಹದ ಅಕ್ಷರ: 'ಅ – ಅನ', 'ಅಪ – ಅಹ'. ಡ್ರಾಯರು ಎಳೆದರೆ ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಅಗಲದ ಕಾರ್ಡುಗಳು ಒತ್ತಾಗಿ ನಿಂತಿವೆ. ಎಲ್ಲದರ ಕೆಳಗೂ ಒಂದೊಂದು ತೂತು, ತೂತಿನಲ್ಲಿ ಉದ್ದಕ್ಕೂ ಒಂದು ಕಂಬಿ. ಓದುಗರು ಕಾರ್ಡು ಕಿತ್ತುಕೊಂಡು ಹೋಗದಿರಲಿ ಎಂದು ಆ ಕಂಬಿ. ಬಹಳ ಕಾಲ ಕೈಯಾಡಿದ ಕಾರ್ಡುಗಳ ಮೇಲಂಚು ಕಂದು ಬಣ್ಣಕ್ಕೆ ತಿರುಗಿದೆ. ಕ್ಯಾಟಲಾಗನ್ನು ಯಾರು ಎಷ್ಟು ಬಳಸಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಕಂಪ್ಯೂಟರಿನಲ್ಲಿ ಸಿಗಲಿಕ್ಕಿಲ್ಲ.

ಅಟೆಂಡರು ಹುಡುಕಲೂ ಇಲ್ಲ. ಮೊದಲ ಡ್ರಾಯರಿನ ನಡುವೆ ಬೆರಳು ಹಾಕಿ ಒಂದು ಕಾರ್ಡನ್ನು ಮೇಲೆತ್ತಿ ಹಿಡಿದರು. ಪುಸ್ತಕದ ಹೆಸರಿಲ್ಲ, ಪ್ರಕಾಶಕರಿಲ್ಲ, ವರ್ಗಾಂಕವಿಲ್ಲ. ಮೇಲೆ 'ಅಂಬಿಕಾತನಯದತ್ತ', ಎರಡು ಸಾಲು ಬಿಟ್ಟು 'ನೋಡಿ', ಅದರ ಕೆಳಗೆ 'ಬೇಂದ್ರೆ, ದತ್ತಾತ್ರೇಯ ರಾಮಚಂದ್ರ, 1896–'. ಗೀಟಿನ ಮುಂದಿನ ಜಾಗ ಖಾಲಿ. ಬೇಂದ್ರೆ 1981ರಲ್ಲಿ ತೀರಿಕೊಂಡರು. ಕಾರ್ಡು ಬರೆದ ಮೇಲೆ ಅದನ್ನು ಯಾರೂ ಹೊರತೆಗೆದು ತುಂಬಿಲ್ಲ. ತುಂಬದಿದ್ದರೂ ಕಾರ್ಡು ತನ್ನ ಕೆಲಸ ಮಾಡುತ್ತಲೇ ಇತ್ತು: ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಅಂಟಿಸಿ ಹೋದ ಹೊಸ ವಿಳಾಸದ ಚೀಟಿಯಂತೆ, ಬಂದವರನ್ನು 'ಬ' ಡ್ರಾಯರಿಗೆ ಕಳಿಸುವುದು.

ಈ ಒಂದು ಹೆಸರಿನ ಮೇಲೆ ನಿಯಮಗಳು ಎಷ್ಟು ಸಲ ಹೊರಳಿವೆ ಎಂದು ನೋಡಿದರೆ ಕ್ಯಾಟಲಾಗಿಂಗ್ ಚರಿತ್ರೆಯ ಅರ್ಧ ತಿಳಿಯುತ್ತದೆ. ಅಮೆರಿಕದ ಗ್ರಂಥಾಲಯ ಸಂಘ 1949ರಲ್ಲಿ ತಂದ ನಿಯಮಗಳಂತೆ ಕಾವ್ಯನಾಮ ಸಾಮಾನ್ಯವಾಗಿ ಹಿಂದಕ್ಕೆ, ನಿಜನಾಮ ಮುಂದಕ್ಕೆ. 1967ರಲ್ಲಿ ಆಂಗ್ಲೋ-ಅಮೆರಿಕನ್ ಕ್ಯಾಟಲಾಗಿಂಗ್ ನಿಯಮಗಳು ಬಂದವು. ಲೇಖಕರು ಯಾವ ಹೆಸರಿನಿಂದ ಹೆಚ್ಚು ಪರಿಚಿತರೋ ಅದನ್ನೇ ಹಿಡಿಯಿರಿ ಎಂದವು. 1978ರಲ್ಲಿ ಎರಡನೆಯ ಆವೃತ್ತಿ. ವೃತ್ತಿಯವರ ಬಾಯಲ್ಲಿ ಅದು 'ಎಎಸಿಆರ್-2'. ಅದನ್ನು 1988ರಲ್ಲಿ ತಿದ್ದಿದಾಗ ಇನ್ನೊಂದು ಹೊರಳು: ಸಮಕಾಲೀನ ಲೇಖಕರು ಎರಡು ಹೆಸರಿನಲ್ಲಿ ಬರೆದಿದ್ದರೆ ಆಯಾ ಪುಸ್ತಕದ ಮೇಲಿರುವ ಹೆಸರೇ ಆಯಾ ಪುಸ್ತಕದ ದಾಖಲೆಯಲ್ಲಿ ಲೇಖಕರ ಹೆಸರು, ಎರಡನ್ನೂ 'ಇದನ್ನೂ ನೋಡಿ' ಎಂಬ ಸೂಚನೆಯಿಂದ ಜೋಡಿಸಬೇಕು. ಅಂದರೆ ಕವಿತೆ ಬರೆದ ಅಂಬಿಕಾತನಯದತ್ತ ಒಬ್ಬ, ನಾಟಕ ಬರೆದ ದ.ರಾ. ಬೇಂದ್ರೆ ಇನ್ನೊಬ್ಬ. ಈ ಲೈಬ್ರರಿ ನಿಯಮದ ಮೊದಲರ್ಧವನ್ನು ಪಾಲಿಸಿದೆ. ಜೋಡಿಸುವ ಅರ್ಧ ಕಂಪ್ಯೂಟರಿಗೆ ಬರುವಾಗ ಉದುರಿಹೋಗಿದೆ.

ಹೇಗೆ ಉದುರಿತು ಎಂಬುದನ್ನು ತಿಳಿಸಿದವರು ಮಹಡಿಯ ಮೇಲಿನ ತಾಂತ್ರಿಕ ವಿಭಾಗದ ಮೇಡಂ. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರಂತೆ. ಕಾರ್ಡಿಗೆ ಇಷ್ಟು ಎಂದು ದರ. ಆಕ್ಸೆಷನ್ ನಂಬರ್, ಅಂದರೆ ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ಸಂಖ್ಯೆ, ಇದ್ದ ಕಾರ್ಡು ಮಾತ್ರ ಲೆಕ್ಕಕ್ಕೆ. "ನೋಡಿ ಕಾರ್ಡಿಗೆ ನಂಬರ್ ಎಲ್ಲಿರತದ್ರಿ? ಅವನ್ನ ಹಂಗ ಬಿಟ್ಟು ಹೋದ್ರು." ಪುಸ್ತಕಗಳೆಲ್ಲ ಬಂದವು, ಪುಸ್ತಕದಿಂದ ಪುಸ್ತಕಕ್ಕಿದ್ದ ದಾರಿಗಳು ಬರಲಿಲ್ಲ. ಒಂದೂ ಪುಸ್ತಕ ಕಳೆದಿಲ್ಲವಾದ್ದರಿಂದ ಆಡಿಟ್‌ನಲ್ಲಿ ಇದು ಕಾಣುವುದಿಲ್ಲ. ಕಾಣದ ನಷ್ಟ ಯಾರ ತಲೆಗೂ ಬರುವುದಿಲ್ಲ.

ತಾಂತ್ರಿಕ ವಿಭಾಗ ಎಂದರೆ ಒಂದು ಉದ್ದ ಮೇಜು, ಅಂಟಿನ ಡಬ್ಬಿ, ರಬ್ಬರ್ ಸ್ಟಾಂಪು, ಬೆನ್ನಿಗೆ ಹಚ್ಚುವ ಲೇಬಲ್ಲುಗಳ ಹಾಳೆ. ಮೂಲೆಯಲ್ಲಿ ಕಂಪ್ಯೂಟರು, ಅದರಲ್ಲಿ ಕೋಹಾ. ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಾಗಿ ಹುಟ್ಟಿ 2000ದಲ್ಲಿ ಚಾಲನೆಗೆ ಬಂದ ಈ ಮುಕ್ತ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಮೇಡಂ ಒಂದು ಇಂಗ್ಲಿಷ್ ಪುಸ್ತಕ ತೆಗೆದುಕೊಂಡು ಅದರ ಐಎಸ್‌ಬಿಎನ್ ಹಾಕಿ ಹುಡುಕಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಇಡೀ ದಾಖಲೆ ಸಿದ್ಧವಾಗಿ ಬಂದು ಕೂತಿತು. ಆಮೇಲೆ ಕನ್ನಡದ ಒಂದು ಸಂಕಲನ. ಇದಕ್ಕೆ ಎಲ್ಲಿಂದಲೂ ಬರುವುದಿಲ್ಲ, ಸ್ವತಃ ಟೈಪಿಸಬೇಕು. ತಮಾಷೆ ಎಂದರೆ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದಲೇ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಕನ್ನಡ ಪುಸ್ತಕಗಳನ್ನೂ ಕೊಂಡು, ಕ್ಯಾಟಲಾಗು ಮಾಡಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತ ಬಂದಿದೆ. ಮೊದಲ ವರ್ಷಗಳಲ್ಲಿ ಅದಕ್ಕೆ ಖರ್ಚಾದದ್ದು ಅಮೆರಿಕದ ಪಿಎಲ್-480 ಯೋಜನೆಯಲ್ಲಿ ಬಂದು ನಾವು ತಿಂದ ಗೋಧಿಗೆ ಕೊಟ್ಟ ರೂಪಾಯಿ. ಆದರೆ ಆ ದಾಖಲೆಗಳಲ್ಲಿ ಕನ್ನಡ ಇರುವುದು ಹೆಚ್ಚಾಗಿ ರೋಮನ್ ಲಿಪಿಯಲ್ಲಿ. 'ಳ'ಕ್ಕೆ ಎಲ್ ಬರೆದು ಕೆಳಗೆ ಚುಕ್ಕೆ, 'ಶ'ಕ್ಕೆ ಎಸ್ ಬರೆದು ಮೇಲೆ ಗೀರು. ಆ ಚುಕ್ಕೆ ಗೀರು ಹಾಕಿ ಹುಡುಕುವ ಓದುಗನನ್ನು ನಾನಂತೂ ಕಂಡಿಲ್ಲ.

ಪರದೆಯ ಮೇಲೆ ಎರಡು ದಾಖಲೆಗಳು ಅಕ್ಕಪಕ್ಕ. ಇಂಗ್ಲಿಷ್ ಪುಸ್ತಕದ್ದು 'ಆರ್‌ಡಿಎ' ಪ್ರಕಾರ. 2010ರಲ್ಲಿ ಹೊರಬಂದು, 2013ರ ಮಾರ್ಚ್ 31ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಪೂರ್ತಿಯಾಗಿ ಒಪ್ಪಿಕೊಂಡ ನಿಯಮಾವಳಿ ಅದು. ಕನ್ನಡ ಪುಸ್ತಕದ್ದು ಮೇಡಂ ತಮ್ಮ ಎಂ.ಲಿಬ್. ಓದಿನಲ್ಲಿ ಕಲಿತ ಎಎಸಿಆರ್-2ರ ಪ್ರಕಾರ. ಆರ್‌ಡಿಎ ಪುಸ್ತಕವಾಗಿ ಕಪಾಟಿನಲ್ಲಿಲ್ಲವೇ ಎಂದು ಕೇಳಿದೆ. ಅದು ಮುಖ್ಯವಾಗಿ ಆನ್‌ಲೈನಿನಲ್ಲಿರುವುದು, ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಬೇಕು. ಎಎಸಿಆರ್-2 ಒಮ್ಮೆ ಕೊಂಡರೆ ಹರಿಯುವವರೆಗೆ ನಮ್ಮದು. ಈಗ ನಿಯಮವೂ ಬಾಡಿಗೆಗೆ. ಈ ಕಾಲೇಜಿನ ಮಟ್ಟದ ಲೈಬ್ರರಿಗಳು ಹೊಸ ನಿಯಮವನ್ನು ಓದಿ ಕಲಿಯುವುದಿಲ್ಲ, ನಕಲು ಮಾಡಿ ತಂದ ದಾಖಲೆ ನೋಡಿ ಊಹಿಸಿಕೊಳ್ಳುತ್ತವೆ.

ಹಾಗೆಂದು ಆರ್‌ಡಿಎಯನ್ನು ಬೈಯಲು ನನಗೆ ಮನಸ್ಸಿಲ್ಲ. ಹಳೆಯ ನಿಯಮದಲ್ಲಿ ಒಂದು ಕ್ರೂರ ಲೆಕ್ಕವಿತ್ತು. ಮೂವರು ಸೇರಿ ಬರೆದ ಪುಸ್ತಕವಾದರೆ ಮೂವರ ಹೆಸರೂ ದಾಖಲೆಗೆ ಬರುತ್ತಿತ್ತು. ನಾಲ್ವರು ಬರೆದರೆ ಮೊದಲನೆಯವರ ಹೆಸರು ಮಾತ್ರ, ಉಳಿದವರು 'ಮತ್ತಿತರರು' ಎಂಬ ಅರ್ಥದ ಲ್ಯಾಟಿನ್ ಪದದೊಳಗೆ. ಅಂದರೆ ನಾಲ್ಕನೆಯವರು ಸೇರಿಕೊಂಡ ತಪ್ಪಿಗೆ ಎರಡನೆಯವರು, ಮೂರನೆಯವರೂ ಮಾಯ! ಏಳೂವರೆ ಸೆಂಟಿಮೀಟರ್ ಕಾರ್ಡಿನಲ್ಲಿ ಜಾಗವಿಲ್ಲದ್ದಕ್ಕೆ ಮಾಡಿಕೊಂಡ ಏರ್ಪಾಡು ಅದು. ನಾಲ್ಕೈದು ಎಳೆಯ ಕವಿಗಳು ಕೂಡಿ ಹಣ ಹಾಕಿ ಸಂಕಲನ ತರುವ ನಮ್ಮ ಕಡೆ ಇದರಿಂದ ಕ್ಯಾಟಲಾಗು ಸೇರದೆ ಹೋದ ಹೆಸರುಗಳು ಎಷ್ಟೋ. ಆರ್‌ಡಿಎ ಆ ಮಿತಿ ತೆಗೆದುಹಾಕಿತು, ಬೇಕಾದಷ್ಟು ಹೆಸರು ಬರೆಯಿರಿ ಎಂದಿತು. ಪುಟಕ್ಕೆ 'ಪಿ.', ಚಿತ್ರಕ್ಕೆ 'ಇಲ್.' ಎಂದು ಮೊಟಕು ಮಾಡುವ ಚಟವನ್ನೂ ಬಿಡಿಸಿತು. ಪ್ರಕಟಣ ಸ್ಥಳ ಗೊತ್ತಾಗದಿದ್ದರೆ ಹಿಂದೆ 'ಎಸ್.ಎಲ್.' ಎಂದು ಬರೆಯುತ್ತಿದ್ದರು. ಅದು ಯಾವುದೋ ಊರಿನ ಹೆಸರು ಎಂದುಕೊಂಡವರುಂಟು. ಈಗ ಸ್ಥಳ ಗೊತ್ತಾಗಿಲ್ಲ ಎಂದೇ ಪೂರ್ತಿ ಬರೆಯುತ್ತಾರೆ.

ಆದರೆ ಅದೇ ಆರ್‌ಡಿಎ ಓದುಗನ ಮುಂದೆ ಇದನ್ನೂ ತಂದಿಟ್ಟಿದೆ: ಒಳಗಿರುವುದು ಯಾವ ಬಗೆಯದು, ಅದನ್ನು ಓದಲು ಉಪಕರಣ ಬೇಕೆ, ಅದನ್ನು ಹೊತ್ತ ವಸ್ತು ಯಾವುದು ಎಂದು ಮೂರು ಸಾಲು. ಸಾಧಾರಣ ಪುಸ್ತಕಕ್ಕೂ 'ಟೆಕ್ಸ್ಟ್, ಅನ್‌ಮೀಡಿಯೇಟೆಡ್, ವಾಲ್ಯೂಮ್' ಎಂದು ತೋರಿಸುತ್ತದೆ. ಸಿ.ಡಿ., ಇ-ಪುಸ್ತಕಗಳನ್ನು ಯಂತ್ರ ಬೇರ್ಪಡಿಸಲು ಅದು ಬೇಕು, ಒಪ್ಪೋಣ. ಓದುಗನ ಪರದೆಗೆ ಯಾಕೆ?

ಮೇಡಂ ಕೈಯಲ್ಲಿ ಬೀಗದ ಗೊಂಚಲು ಹಿಡಿದು ಪುಸ್ತಕದ ಕಪಾಟುಗಳಿರುವ ಸ್ಟ್ಯಾಕಿಗೆ ಕರೆದೊಯ್ದರು. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಇಂಗ್ಲಿಷ್ ಕಾವ್ಯಕ್ಕೆ 821, ಕನ್ನಡ ಕಾವ್ಯಕ್ಕೆ 894.8141. ತೆಳ್ಳನೆಯ ಸಂಕಲನದ ಬೆನ್ನಿಗೆ ಅಷ್ಟು ಅಂಕಿ ಹಿಡಿಸದೆ ಲೇಬಲ್ಲು ರಕ್ಷಾಪುಟದ ಮೇಲಕ್ಕೆ ಮಡಚಿಕೊಂಡಿರುತ್ತದೆ. ಮುಂದಿನ ಸಾಲು ಸರ್ಕಾರಿ ಪ್ರಕಟಣೆಗಳದ್ದು, ಮತ್ತು ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲೇ.

ಸರ್ಕಾರಿ ವರದಿಗೆ ಸರ್ಕಾರವೇ ಲೇಖಕ. ಹಾಗಾದರೆ ಧಾರವಾಡ ಜಿಲ್ಲೆಯ ವರದಿಗಳ ಲೇಖಕರು ಯಾರು? 1884ರ ಗೆಜೆಟಿಯರಿಗೆ ಮುಂಬಯಿ ಪ್ರೆಸಿಡೆನ್ಸಿ. ಅದರ ಇಪ್ಪತ್ತೆರಡನೆಯ ಸಂಪುಟ ಧಾರವಾಡದ್ದು. ಸ್ವಾತಂತ್ರ್ಯದ ನಂತರ ಮುಂಬಯಿ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ತೀರಾ ಹಳೆಯ ನಿಯಮ, ಸಂಸ್ಥೆಯ ಹೆಸರು ಬದಲಾದರೆ ಎಲ್ಲ ಕಾರ್ಡುಗಳನ್ನೂ ಇತ್ತೀಚಿನ ಹೆಸರಿಗೆ ತಿದ್ದಿ ಎನ್ನುತ್ತಿತ್ತು. 1967ರಿಂದ ಈಚೆಗೆ, ಆಯಾ ಕಾಲದ ಹೆಸರಿನಡಿ ಇಟ್ಟು ನಡುವೆ ದಾರಿ ತೋರಿಸಿ ಎಂದಾಯಿತು. ಚರಿತ್ರೆಯ ದೃಷ್ಟಿಯಿಂದ ಎರಡನೆಯದೇ ಸರಿ. ಮೈಸೂರು ರಾಜ್ಯ ಬರೆದ ವರದಿಯನ್ನು ಕರ್ನಾಟಕ ಬರೆಯಿತು ಎನ್ನಲಾದೀತೆ? ಆದರೆ ದಾರಿ ತೋರಿಸದಿದ್ದರೆ ನೀರಾವರಿ ವರದಿಗಳ ಒಂದೇ ಸರಣಿ ಎರಡು ರಾಜ್ಯಗಳ ಪಾಲಾಗಿ ಕೂರುತ್ತದೆ. ಅದರ ಮೇಲೆ 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅದಕ್ಕೂ ಹಿಂದಿನ ಗದಗದ ಅಂಕಿಅಂಶ ಬೇಕಾದವರು ಧಾರವಾಡದಡಿ ಹುಡುಕಬೇಕು. 2014ರಲ್ಲಿ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಇಲ್ಲಿನ ಕನ್ನಡ ದಾಖಲೆಗಳಿಗೆ ಹೆಚ್ಚೇನೂ ಆಗಲಿಲ್ಲ, ಹುಬ್ಬಳ್ಳಿ ಹುಬ್ಬಳ್ಳಿಯಾಗಿಯೇ ಇತ್ತು. ಇಂಗ್ಲಿಷ್ ದಾಖಲೆಗಳಲ್ಲಿ ಊರೊಂದಕ್ಕೆ ಎರಡು ಕಾಗುಣಿತ ಸೇರಿಕೊಂಡವು.

ಇಷ್ಟೊಂದು ದಾಖಲೆಗಳನ್ನು ಯಾರು ತಿದ್ದುತ್ತಾರೆ? ದೊಡ್ಡವರೂ ತಿದ್ದಲಿಲ್ಲ. 1967ರ ನಿಯಮ ಬಂದಾಗ ಲೈಬ್ರರಿ ಆಫ್ ಕಾಂಗ್ರೆಸ್ ಹೊಸದಾಗಿ ಸೇರುವ ಹೆಸರುಗಳಿಗೆ ಮಾತ್ರ ಹೊಸ ನಿಯಮ ಎಂದು ಹಳೆಯವನ್ನು ಹಾಗೇ ಬಿಟ್ಟಿತು. 1981ರ ಆರಂಭದಲ್ಲಿ ಎಎಸಿಆರ್-2 ಜಾರಿಗೆ ತರುವಾಗ ಕಾರ್ಡು ಕ್ಯಾಟಲಾಗಿಗೆ ಹೊಸದನ್ನು ಸೇರಿಸುವುದನ್ನೇ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಮುಂದುವರಿಯಿತು. ಹೆಸರುಗಳ ಕಡತವನ್ನು ಬೇರೆಯಾಗಿ ಸಾಕಿಕೊಂಡಿದ್ದರಿಂದ ಅವರು ಬಚಾವಾದರು. ಆ ಕಡತದಲ್ಲಿ ಒಂದು ಹೆಸರನ್ನು ತಿದ್ದಿದರೆ ಅದಕ್ಕೆ ಕಟ್ಟಿಕೊಂಡ ದಾಖಲೆಗಳೆಲ್ಲ ತಿದ್ದಿಕೊಳ್ಳುವಂತೆ ಮಾಡಬಹುದು. ಕೋಹಾದಲ್ಲೂ ಆ ಸೌಲಭ್ಯವಿದೆ. ಇಲ್ಲಿ ಅದನ್ನು ತೆರೆದರೆ ಖಾಲಿ.

ವಾಚನಾಲಯದ ಕಿಟಕಿಯ ಪಕ್ಕ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ದಲಿತ ಚಳವಳಿಯ ಬಗ್ಗೆ ಅವಳ ಪ್ರಬಂಧ. ವಿಷಯದ ಖಾನೆಯಲ್ಲಿ 'ದಲಿತ್ಸ್' ಎಂದು ಹುಡುಕಿ, ಬಂದಷ್ಟನ್ನು ಓದಿ, ಇಲ್ಲಿ ಇಷ್ಟೇ ಇದೆ ಎಂದು ತೀರ್ಮಾನಿಸಿದ್ದಳು. ನಾವಿಬ್ಬರೂ ಮೆಟ್ಟಿಲ ಕೆಳಗೆ ಹೋಗಿ ಇಂಗ್ಲಿಷ್ ವಿಷಯಗಳ 'ಯು' ಡ್ರಾಯರು ಎಳೆದೆವು. ವಿಷಯ ಶೀರ್ಷಿಕೆಗಳನ್ನು ಆಗ ಕೆಂಪು ರಿಬ್ಬನ್ನಿನಲ್ಲಿ ಟೈಪು ಮಾಡುತ್ತಿದ್ದರು. ಕೆಂಪಕ್ಷರದಲ್ಲಿ 'ಅನ್‌ಟಚಬಲ್ಸ್', ಅದರ ಹಿಂದೆ ಬೆರಳಗಲ ಕಾರ್ಡುಗಳು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಷಯಪಟ್ಟಿ ಆ ಪದ ಬಿಟ್ಟು 'ದಲಿತ್ಸ್' ಎಂದು ಬದಲಾಯಿಸಿಕೊಂಡು ಕಾಲವಾಗಿದೆ. ನಕಲು ಮಾಡಿ ತಂದ ಹೊಸ ದಾಖಲೆಗಳಲ್ಲಿ ಹೊಸ ಪದ, ಇಲ್ಲಿಂದ ಏರಿಸಿದ ಹಳೆಯವುಗಳಲ್ಲಿ ಹಳೆಯ ಪದ. ಅವಳು ಫೋನಿನಲ್ಲಿ ಒಂದೊಂದೇ ಕಾರ್ಡಿನ ಫೋಟೊ ತೆಗೆದುಕೊಂಡಳು. ಆ ಪದವನ್ನು ಹುಡುಕುವ ಪೆಟ್ಟಿಗೆಯಲ್ಲಿ ತಾನೇ ಟೈಪಿಸಬೇಕಾಗಿ ಬಂದದ್ದು ಅವಳಿಗೆ ಹಿಡಿಸಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಅಡುಗೆ ಪುಸ್ತಕಗಳೂ ಹೀಗೆಯೇ ಒಡೆದಿವೆ. 2010ರಲ್ಲಿ 'ಕುಕರಿ' ಹೋಗಿ 'ಕುಕಿಂಗ್' ಆಯಿತು. ಆದರೆ ಅಡುಗೆ ಹುಡುಕುವವರಿಗೆ ಹಳೆಯ ಪದದಿಂದ ಮನಸ್ಸು ನೋಯುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹೊರಗಿನ ನಿಯಮಗಳು. ಗ್ರಂಥಾಲಯ ವಿಜ್ಞಾನಿ ಶಿಯಾಳಿ ರಾಮಾಮೃತ ರಂಗನಾಥನ್ 1934ರಲ್ಲೇ ನಮ್ಮದೇ ಒಂದು ಕ್ಯಾಟಲಾಗು ಸಂಹಿತೆ ಬರೆದಿದ್ದರು. 1955ರಲ್ಲಿ ಬೇರೆ ಬೇರೆ ಸಂಹಿತೆಗಳನ್ನು ಪಕ್ಕಪಕ್ಕ ಇಟ್ಟು ತೂಗಿ ಇನ್ನೊಂದು ಪುಸ್ತಕ ಬರೆದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಕಟ್ಟಿದವರೂ ಅವರೇ. 1934ರ ಆ ಸಂಹಿತೆ ಈಗ ಪರೀಕ್ಷೆಗೆ ಓದುವ ಪಾಠ. ಮೇಡಂಗೆ ಅದರ ನಿಯಮಗಳು ಇನ್ನೂ ಬಾಯಿಗೆ ಬರುತ್ತವೆ, ಕೆಲಸಕ್ಕೆ ಬರುವುದಿಲ್ಲ.

ಕ್ಯಾಬಿನೆಟ್ಟನ್ನು ಹರಾಜು ಹಾಕುವ ಮಾತು ಮುಂದಿನ ಸಭೆಯ ಮುಂದಿದೆ. ತೇಗಕ್ಕೆ ಒಳ್ಳೆಯ ಬೆಲೆ ಬರುತ್ತದೆ. ಅದಕ್ಕೂ ಮೊದಲು 'ನೋಡಿ' ಕಾರ್ಡುಗಳನ್ನಷ್ಟೇ ಬೇರ್ಪಡಿಸಿ ಹೆಸರುಗಳ ಕಡತಕ್ಕೆ ಏರಿಸಲು ಒಬ್ಬ ತಾತ್ಕಾಲಿಕ ಸಹಾಯಕರನ್ನು ಕೊಡಿ ಎಂದು ಮೇಡಂ ಅರ್ಜಿ ಹಾಕಿದ್ದಾರೆ. ಕೊಡದಿದ್ದರೆ ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ತಾವೇ ಮಾಡುವ ಯೋಚನೆ. ಅಲ್ಲಿಯವರೆಗೆ ಹೋಗುವವರು ಲೇಖಕರ ಎರಡೂ ಹೆಸರು, ಊರಿನ ಎರಡೂ ಕಾಗುಣಿತ, ವಿಷಯದ ಹಳೆಯ ಪದ ಮೂರನ್ನೂ ಹಾಕಿ ಹುಡುಕಬೇಕು. ಸಿಗದಿದ್ದರೆ ಅಟೆಂಡರನ್ನು ಕೇಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಆಗ ಅವರು ಇರುವುದಿಲ್ಲ.