ಶಾಲೆಯ ಅಂಗಳದಿಂದ ಮಸ್ಕತ್ತಿನ ಮಾಳಿಗೆಗೆ

ನಾನು ಮಸ್ಕತ್ತಿಗೆ ಬಂದ ಹೊಸತು. ವಾರ್ಡಿನ ಟಿವಿ ನೋಡುತ್ತಾ ಹಿರಿಯ ಒಮಾನಿ ರೋಗಿಯೊಬ್ಬರು, 1974ರ ನವೆಂಬರ್‌ನಲ್ಲಿ ಇಲ್ಲಿ ಒಮಾನ್ ಟಿವಿ ಆರಂಭವಾದ ದಿನಗಳನ್ನು ನೆನೆಯುತ್ತಿದ್ದರು. "ನಮ್ಮ ಹಳ್ಳಿಗೆ ಮರುವರ್ಷವೇ ಬಂತು!" ಎಂದೆ. ಅವರು ನಂಬಲಿಲ್ಲ. ರಾಯಚೂರು ಜಿಲ್ಲೆಯ, ಸರಿಯಾದ ರಸ್ತೆಯೂ ಇಲ್ಲದ ಹಳ್ಳಿಯೆಂದರೆ ನೀವೂ ನಂಬಲಿಕ್ಕಿಲ್ಲ.

ಅದು 'ಸೈಟ್' ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ನಮ್ಮ ಕಡೆಯವರು ಬೆಂಗಳೂರಿಗಿಂತ ಮುಂದಿದ್ದ ವಿಷಯ ಬಹುಶಃ ಇದೊಂದೇ!

ಶಾಲೆಯ ಮೇಲೆ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ದೊಡ್ಡ ಛತ್ರಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಹೊಲ, ಗೊಬ್ಬರ, ಆರೋಗ್ಯದ ಮಾತು. ನನಗಾಗ ಆರು ವರ್ಷ. ತಮ್ಮ ಹುಟ್ಟಿ ಕೆಲವೇ ತಿಂಗಳಾಗಿತ್ತು. ಕ್ಷಯ ಬಾರದಂತೆ ಬಿಸಿಜಿ ಹಾಕಿಸೋಣವೆಂದು ಅವ್ವ ಎಷ್ಟು ಹೇಳಿದರೂ ಅಜ್ಜಿ "ಬ್ಯಾಡ, ಕೂಸಿಗೆ ಸೂಜಿ ಚುಚ್ಚಬ್ಯಾಡ್ರಿ" ಎಂದು ಅಡ್ಡ ನಿಂತಿದ್ದಳು. ಒಂದು ಸಂಜೆ ಶಾಲೆಯ ಅಂಗಳದಲ್ಲಿ ಕುಳಿತು ಲಸಿಕೆಯ ಕಾರ್ಯಕ್ರಮ ನೋಡಿದವಳು, ಮನೆಗೆ ಬಂದು, "ಟಿವ್ಯಾಗ ಹೇಳ್ಯಾರ, ನಾಳೆ ಕರಕೊಂಡು ಹೋಗ್ರಿ" ಎಂದುಬಿಟ್ಟಳು. ಮುಂದೆ ನಾನು ಎಂ.ಡಿ. ಮುಗಿಸಿ ಬಂದು ಹೇಳಿದ ಯಾವ ಮಾತಿಗೂ ಅವಳು ಅಷ್ಟು ಬೆಲೆ ಕೊಡಲಿಲ್ಲ!

1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಹಿಂದಕ್ಕೆ ಒಯ್ದರು. ಮರುದಿನವೂ ಜನ ಶಾಲೆಗೆ ಬಂದು ಕತ್ತಲಾಗುವವರೆಗೆ ಕುಳಿತಿದ್ದರು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಆರಂಭವಾಯಿತಾದರೂ ನಮ್ಮೂರಿಗೆ ಅದು ಸಿಗುತ್ತಿರಲಿಲ್ಲ. ಟಿವಿ ಮತ್ತೆ ನೋಡಿದ್ದು ಹಾಸ್ಟೆಲಿಗೆ ಬಂದ ಮೇಲೆ.

ಮುಂದೆ ಕನ್ನಡಕ್ಕೇ ಒಂದು ವಾಹಿನಿಯಾಗಿ 'ಚಂದನ' ಬಂತು. ಇಲ್ಲಿ ಮಾಳಿಗೆಯ ಮೇಲೆ ದೊಡ್ಡ ಡಿಷ್ ನಿಲ್ಲಿಸಿದ್ದೇ ಅದಕ್ಕಾಗಿ. ಖಾಸಗಿ ವಾಹಿನಿಗಳ ಅಬ್ಬರವಿಲ್ಲ, ಥಳುಕಿಲ್ಲ. ನಿಜ ಹೇಳಬೇಕೆಂದರೆ ಕೆಲವೊಮ್ಮೆ ನಿದ್ದೆಯೂ ಬರುತ್ತದೆ. ಆದರೆ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನಮ್ಮ ಮನೆಯಲ್ಲಿ ಊಟದ ಹೊತ್ತನ್ನೇ ಬದಲಿಸಿತು. ಅದನ್ನು ನಡೆಸಿಕೊಟ್ಟ ನಾ. ಸೋಮೇಶ್ವರ ಅವರೂ ವೈದ್ಯರೇ. ಗೆದ್ದವರಿಗೆ ಬಹುಮಾನ ಕನ್ನಡ ಪುಸ್ತಕ! ಮಸ್ಕತ್ತಿನಲ್ಲೇ ಹುಟ್ಟಿದ ನನ್ನ ಮಗಳು ಗಾದೆ, ಒಗಟು ಕಲಿತದ್ದು ನನ್ನಿಂದಲ್ಲ, ಅಲ್ಲಿಂದ.

ಈಗ ಚಂದನ ಫೋನಿನಲ್ಲೇ ಸಿಗುತ್ತದೆ. ಡಿಷ್ ತುಕ್ಕು ಹಿಡಿದಿದೆ. ಕಳೆದ ವರ್ಷ ತಮ್ಮ ಇಲ್ಲಿಗೆ ಬಂದಾಗ ಅಜ್ಜಿಯ ಕಥೆಯನ್ನು ಮಗಳಿಗೆ ಹೇಳಿದೆ. ಅವನು ಅಂಗಿಯ ತೋಳು ಮಡಚಿ, ಎಡತೋಳಿನ ಆ ಸಣ್ಣ ಗುರುತನ್ನು ಅವಳಿಗೆ ತೋರಿಸಿದ.